ಹೆಗ್ಗೋಡು ಪರಿಸರದ ಗ್ರಂಥ ಹಾಗೂ ದಾಖಲೆ ಸಂಗ್ರಹಗಳ ಡಿಜಿಟಲೀಕರಣ: ಸಮನ್ವಯದ ಸಮಸ್ಯೆಗಳು

೧. ಪ್ರಸ್ತಾವನೆ

ಕನ್ನಡ ಹಸ್ತಪ್ರತಿಗಳ ಹಾಗೂ ದಾಖಲೆಗಳ ರಕ್ಷಣೆಯ ಪ್ರಶ್ನೆ ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಡಿಜಿಟಲೀಕರಣದ ಪ್ರಶ್ನೆಯಾಗಿ ಮಾರ್ಪಟ್ಟಿದೆ. ೨೦೦೩ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ೨೦೨೫ರ ಆಯವ್ಯಯದಲ್ಲಿ ಘೋಷಿತವಾದ ಜ್ಞಾನ ಭಾರತಂ ಅಭಿಯಾನವು ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ ಹಾಗೂ ಸಂರಕ್ಷಣೆಯ ಗುರಿಯನ್ನು ಮುಂದಿಟ್ಟಿದೆ. ಈ ಯೋಜನೆಗಳ ಕುರಿತು ನಡೆಯುವ ಚರ್ಚೆಗಳಲ್ಲಿ ಯಂತ್ರ, ಹಣ ಹಾಗೂ ಪುಟಗಳ ಸಂಖ್ಯೆ ಮುನ್ನೆಲೆಗೆ ಬರುತ್ತವೆ. ಬೇರೆಬೇರೆ ಒಡೆತನದಲ್ಲಿರುವ ಸಂಗ್ರಹಗಳ ನಡುವೆ ಆಗಬೇಕಾದ ಒಪ್ಪಂದದ ವಿಚಾರ ಮಾತ್ರ ಹಿನ್ನೆಲೆಯಲ್ಲಿ ಉಳಿಯುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂಗ್ರಹಗಳನ್ನು ಹೆಗ್ಗೋಡನ್ನು ಕೇಂದ್ರವಾಗಿಟ್ಟುಕೊಂಡು ಗಮನಿಸಿ, ಸಮನ್ವಯವೆಂದರೇನು, ಅದು ಯಾವ ಹಂತದಲ್ಲಿ ಆಗಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಡಿಜಿಟಲೀಕರಣದಲ್ಲಿ ಕಳೆದುಹೋಗುವುದು ಹೆಚ್ಚಿನ ಸಂದರ್ಭಗಳಲ್ಲಿ ಬಿಂಬವಲ್ಲ. ಬಿಂಬಕ್ಕೂ ಅದರ ಮೂಲವಸ್ತುವಿಗೂ ಆ ವಸ್ತು ಇರುವ ಸ್ಥಳಕ್ಕೂ ಇರುವ ಸಂಬಂಧ. ಆದ್ದರಿಂದ ಕ್ಯಾಮೆರಾ ಬರುವ ಮೊದಲೇ ಸಂಖ್ಯೆ, ವಿವರಣೆ ಮತ್ತು ಹೊಣೆಗಾರಿಕೆಗಳ ಬಗ್ಗೆ ಒಮ್ಮತ ಮೂಡಬೇಕೆಂಬುದು ಲೇಖನದ ಮುಖ್ಯ ನಿಲುವು.

೨. ಸಂಗ್ರಹಗಳ ಸ್ವರೂಪ

ಈ ಮೂರು ತಾಲ್ಲೂಕುಗಳ ವೈಶಿಷ್ಟ್ಯವೆಂದರೆ ಇಲ್ಲಿನ ದಾಖಲೆಗಳು ಒಂದೇ ಕಾಲಕ್ಕೆ, ಒಂದೇ ಮಾಧ್ಯಮಕ್ಕೆ ಅಥವಾ ಒಂದೇ ಬಗೆಯ ಒಡೆತನಕ್ಕೆ ಸೇರಿದವಲ್ಲ. ಇವುಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಅರಸೊತ್ತಿಗೆಯ ಹಿನ್ನೆಲೆಯ ಹಸ್ತಪ್ರತಿ ಸಂಗ್ರಹ. ೧೪೯೯ರಿಂದ ೧೭೬೩ರವರೆಗೆ ಆಳಿದ ಕೆಳದಿ ನಾಯಕರು ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಕ್ರಮವಾಗಿ ರಾಜಧಾನಿ ಮಾಡಿಕೊಂಡಿದ್ದರು. ಈ ಪರಂಪರೆಯ ದಾಖಲೆಗಳನ್ನು ಕೂಡಿಸುವ ಕಾರ್ಯವನ್ನು ಕೆಳದಿ ಗುಂಡಾ ಜೋಯಿಸರು ೧೯೬೦ರ ದಶಕದಲ್ಲಿ ಕೈಗೊಂಡರು. ಅದರ ಫಲವೇ ಕೆಳದಿಯ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನ ಕೇಂದ್ರ. ಕನ್ನಡ, ಸಂಸ್ಕೃತ, ತಮಿಳು, ತೆಲುಗು ಭಾಷೆಗಳ ಸುಮಾರು ಒಂದು ಸಾವಿರ ಕಾಗದ ಹಾಗೂ ತಾಳೆಗರಿ ಪ್ರತಿಗಳು, ಅವುಗಳಲ್ಲದೆ ತಿಗಳಾರಿ ಲಿಪಿಯ ಸುಮಾರು ೪೦೦ ತಾಳೆಗರಿ ಪ್ರತಿಗಳು ಅಲ್ಲಿವೆ. ಹತ್ತಾರು ಮೈಲಿಗಳ ಆವರಣದಲ್ಲಿ ಇಷ್ಟು ಭಾಷೆ–ಲಿಪಿಗಳ ಸಾಮಗ್ರಿ ಒಂದೇ ಸೂರಿನಡಿ ಸೇರಿರುವುದು ವಿರಳ.

ಎರಡನೆಯದು ಮಠ ಮತ್ತು ಮನೆಗಳ ಸಂಗ್ರಹ. ಹೊಸನಗರ ತಾಲ್ಲೂಕಿನ ಹೊಂಬುಜವು ಸಾಂತರ ಕಾಲದಿಂದಲೂ ಜೈನ ವಿದ್ಯೆಯ ನೆಲೆ. ಅದೇ ತಾಲ್ಲೂಕಿನ ರಾಮಚಂದ್ರಾಪುರ ಮಠವು ಹವ್ಯಕ ಸಮುದಾಯದ ಧಾರ್ಮಿಕ ಕೇಂದ್ರ. ಇವುಗಳ ಜೊತೆಗೆ ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ, ದೇವರಕೋಣೆಯಲ್ಲಿ ಉಳಿದುಬಂದ ಓಲೆಕಟ್ಟುಗಳು, ಲೆಕ್ಕದ ಪುಸ್ತಕಗಳು, ಭೂಮಿಯ ಪತ್ರಗಳು ಸೇರುತ್ತವೆ. ನವರಾತ್ರಿಯ ಶಾರದಾ ಪೂಜೆಯಂದು ಹೊರತೆಗೆದು ಪೂಜಿಸಿ ಮತ್ತೆ ಒಳಗಿಡುವ ಕಟ್ಟುಗಳನ್ನು ಮನೆಯವರು ಓದದಿದ್ದರೂ ಕಾಪಾಡಿಕೊಂಡು ಬಂದಿದ್ದಾರೆ.

ಮೂರನೆಯದು ಆಧುನಿಕ ಸಾಂಸ್ಕೃತಿಕ ಸಂಸ್ಥೆಗಳ ದಾಖಲೆ. ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಮ್, ೧೯೪೯ರಲ್ಲಿ ಸ್ಥಾಪನೆಯಾಯಿತು. ಕೆ. ವಿ. ಸುಬ್ಬಣ್ಣನವರ (೧೯೩೨–೨೦೦೫) ನೇತೃತ್ವದಲ್ಲಿ ೧೯೭೨ರಲ್ಲಿ ಶಿವರಾಮ ಕಾರಂತ ರಂಗಮಂದಿರ, ೧೯೭೩ರಲ್ಲಿ ಚಿತ್ರಸಮಾಜ, ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರ, ೧೯೮೫ರಲ್ಲಿ ತಿರುಗಾಟ ಆರಂಭವಾದವು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅಕ್ಷರ ಪ್ರಕಾಶನವೂ ಇದೇ ಊರಿನದು. ಇಂತಹ ಸಂಸ್ಥೆಯಲ್ಲಿ ಹುಟ್ಟುವ ದಾಖಲೆಗಳ ಬಗೆ ಬೇರೆ: ರಂಗಪಠ್ಯದ ತಿದ್ದಿದ ಪ್ರತಿ, ಬೆಳಕು–ವಿನ್ಯಾಸದ ನಕ್ಷೆ, ಕರಪತ್ರ, ಛಾಯಾಚಿತ್ರ, ಧ್ವನಿಸುರುಳಿ, ವಿಡಿಯೊ ಕ್ಯಾಸೆಟ್, ಪತ್ರವ್ಯವಹಾರ. ನಾಟಕವು ಪ್ರದರ್ಶನದೊಂದಿಗೇ ಮುಗಿಯುವ ಕಲೆಯಾದ್ದರಿಂದ ಈ ಬಿಡಿ ಕಾಗದಗಳೇ ಆ ಕಲೆಯ ಇತಿಹಾಸಕ್ಕೆ ಆಧಾರ.

ನಾಲ್ಕನೆಯದು ವ್ಯಕ್ತಿಕೇಂದ್ರಿತ ಸ್ಮಾರಕ ಸಂಗ್ರಹ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಕವಿಮನೆಯಾಗಿ ಉಳಿದಿದೆ. ಕವಿಯ ಬಳಕೆಯ ವಸ್ತುಗಳು, ಛಾಯಾಚಿತ್ರಗಳು ಹಾಗೂ ಪುಸ್ತಕಗಳು ಅಲ್ಲಿ ಪ್ರದರ್ಶಿತವಾಗಿವೆ.

ಈ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಹೊಂದುವ ಚಿತ್ರೀಕರಣ ವಿಧಾನ ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೆ ಅಧ್ಯಯನಕಾರನಿಗೆ ಇವು ಒಂದಕ್ಕೊಂದು ಬೇಕಾದವು. ಲಿಂಗಣ್ಣ ಕವಿಯ ಕೆಳದಿನೃಪವಿಜಯವನ್ನು ಓದುವವನಿಗೆ ಕೆಳದಿಯ ಕಾಗದಪತ್ರ, ಹೊಸನಗರದ ಶಾಸನ, ಯಾವುದೋ ಮನೆಯ ಭೂಮಿಪತ್ರ ಮೂರೂ ಅಗತ್ಯವಾಗಬಹುದು. ಸಮನ್ವಯದ ಅಗತ್ಯ ಹುಟ್ಟುವುದು ಇಲ್ಲಿ.

೩. ‘ನಗರ ೩೫’: ಸಂಖ್ಯೆಯ ಬೆಲೆ

ಚದುರಿದ ಸಾಮಗ್ರಿಯನ್ನು ಒಂದು ಸೂತ್ರಕ್ಕೆ ತರುವ ಕೆಲಸ ಈ ಪ್ರದೇಶಕ್ಕೆ ಹೊಸದಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟ ೧೯೦೪ರಲ್ಲಿ ಪ್ರಕಟವಾಯಿತು. ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ರೈಸ್ ಅನುಸರಿಸಿದ ಕ್ರಮ ಸರಳ: ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಹೊಂಬುಜದ ಪಂಚಬಸದಿಯ ೧೦೭೭ರ ಪ್ರಸಿದ್ಧ ಶಾಸನವು ‘ನಗರ ೩೫’ ಆಯಿತು.

ನೂರಿಪ್ಪತ್ತು ವರ್ಷಗಳ ತರುವಾಯವೂ ಸಾಂತರರ ಬಗ್ಗೆ, ಚಟ್ಟಲದೇವಿಯ ಬಗ್ಗೆ, ಕರ್ನಾಟಕದ ಜೈನ ಸಂಘಗಳ ಬಗ್ಗೆ ಬರೆಯುವ ವಿದ್ವಾಂಸರು ಈ ಸಂಖ್ಯೆಯಿಂದಲೇ ಆ ಶಾಸನವನ್ನು ಗುರುತಿಸುತ್ತಾರೆ. ಅಂದಿನ ನಗರ ತಾಲ್ಲೂಕು ಇಂದು ಹೊಸನಗರ ತಾಲ್ಲೂಕಾಗಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಅನೇಕ ಊರುಗಳು ಮುಳುಗಿದವು. ಹೆಸರು ಬದಲಾಯಿತು, ಭೂಪಟ ಬದಲಾಯಿತು, ಸಂಖ್ಯೆ ಬದಲಾಗಲಿಲ್ಲ. ಲಂಡನ್ನಿನಲ್ಲಿ ಕುಳಿತವನೂ ಸಾಗರದಲ್ಲಿ ಕುಳಿತವನೂ ‘ನಗರ ೩೫’ ಎಂದಾಗ ಒಂದೇ ಕಲ್ಲನ್ನು ಕುರಿತು ಮಾತನಾಡುತ್ತಾರೆ.

ಇದರಿಂದ ಮೂರು ತತ್ತ್ವಗಳನ್ನು ಗ್ರಹಿಸಬಹುದು. ಗುರುತುಸಂಖ್ಯೆಯು ವಸ್ತುವಿಗೆ ಸೇರಬೇಕು, ಅದರ ಪಠ್ಯಕ್ಕಾಗಲಿ ಚಿತ್ರಕ್ಕಾಗಲಿ ಅಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಎಂದಿಗೂ ಇನ್ನೊಂದು ವಸ್ತುವಿಗೆ ಕೊಡಬಾರದು. ಸಂಖ್ಯೆಯನ್ನು ಎಲ್ಲ ಸಂಸ್ಥೆಗಳೂ ಒಪ್ಪಿ ಬಳಸಬೇಕು. ಶಾಸನಗಳಿಗೆ ಈ ಭಾಗ್ಯ ೧೯೦೪ರಲ್ಲೇ ಒದಗಿತು. ಇದೇ ತಾಲ್ಲೂಕುಗಳ ಮನೆ ಮನೆಯ ಓಲೆ, ಕಡತ, ರಂಗದಾಖಲೆಗಳಿಗೆ ಅಂತಹ ಸಮಾನ ಸಂಖ್ಯೆ ದೊರೆತಿಲ್ಲ.

೪. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಅನುಭವ

ಸಂಖ್ಯೆ ಮತ್ತು ವಿವರಣೆಗಳು ದುರ್ಬಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯು ಸಮೀಪದ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳ ಸಹಯೋಗದಲ್ಲಿ ೨೦೦೦ದ ದಶಕದ ಆರಂಭದಲ್ಲಿ ರೂಪುಗೊಂಡ ಈ ಯೋಜನೆಯು ಹತ್ತು ಲಕ್ಷ ಪುಸ್ತಕಗಳ ಗುರಿಯ ಅಂತರರಾಷ್ಟ್ರೀಯ ಪ್ರಯತ್ನದ ಭಾಗವಾಗಿತ್ತು. ದೇಶದ ಅನೇಕ ಕಡೆ ಸ್ಕ್ಯಾನಿಂಗ್ ಕೇಂದ್ರಗಳು ತೆರೆದವು. ಸಾವಿರಾರು ಕನ್ನಡ ಪುಸ್ತಕಗಳ ಬಿಂಬಗಳೂ ಸಿದ್ಧವಾದವು. ಸಿಗದೇ ಹೋಗಿದ್ದ ಅನೇಕ ಹಳೆಯ ಕನ್ನಡ ಪ್ರಕಟಣೆಗಳು ಸಂಶೋಧಕರ ಕೈಗೆ ಬಂದುದು ಇದರಿಂದಲೇ. ಈ ಋಣವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಆ ಕನ್ನಡ ಪುಸ್ತಕಗಳ ಹೆಸರುಗಳು ರೋಮನ್ ಅಕ್ಷರಗಳಲ್ಲಿ, ಒಂದು ನಿಯಮವಿಲ್ಲದೆ, ಬೆರಳಚ್ಚು ಮಾಡಿದವನ ಕಿವಿಗೆ ಕೇಳಿದಂತೆ ದಾಖಲಾದವು. ಅಲ್ಪಪ್ರಾಣ–ಮಹಾಪ್ರಾಣ, ಹ್ರಸ್ವ–ದೀರ್ಘ, ನ–ಣ, ಲ–ಳ ಭೇದಗಳು ಅಳಿಸಿಹೋದವು. ಒಂದೇ ಪುಸ್ತಕ ಎರಡು ಕೇಂದ್ರಗಳಲ್ಲಿ ಎರಡು ಹೆಸರಿನಿಂದ ಸ್ಕ್ಯಾನ್ ಆದುದೂ ಉಂಟು. ಪುಟ ಬಿಟ್ಟುಹೋದುದೂ ಉಂಟು. ಪುಸ್ತಕದ ಬಿಂಬ ಇದ್ದರೂ ಅದನ್ನು ಹುಡುಕುವವನಿಗೆ ಅದು ಇಲ್ಲದಂತೆಯೇ ಆಯಿತು. ಮುಂದೆ ಸಂಚಯ ಬಳಗದವರು ಸಾರ್ವಜನಿಕರ ನೆರವಿನಿಂದ ಇಂತಹ ಸಾವಿರಾರು ಶೀರ್ಷಿಕೆಗಳನ್ನು ಕನ್ನಡ ಲಿಪಿಯಲ್ಲಿ ಮತ್ತೆ ಬರೆದು ಹುಡುಕಲು ಬರುವಂತೆ ಮಾಡಿದರು. ಚಿತ್ರೀಕರಣದ ವೇಳೆಯಲ್ಲಿ ಒಮ್ಮೆ ಸರಿಯಾಗಿ ಮಾಡಬಹುದಾಗಿದ್ದ ಕೆಲಸವನ್ನು ವರ್ಷಗಳ ಬಳಿಕ ಸ್ವಯಂಸೇವಕರು ಇಮ್ಮಡಿ ಶ್ರಮದಿಂದ ಮಾಡಬೇಕಾಯಿತು.

೨೦೧೭ರ ವೇಳೆಗೆ ಆ ಯೋಜನೆಯ ಜಾಲತಾಣ ಸಾರ್ವಜನಿಕರಿಗೆ ದೊರೆಯದಾಯಿತು. ಆ ಹೊತ್ತಿಗಾಗಲೇ ಲಕ್ಷಾಂತರ ಪುಸ್ತಕಗಳ ಪ್ರತಿಗಳು ಅಮೆರಿಕದ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಂಗ್ರಹವಾಗಿದ್ದುದರಿಂದ ಅವು ಓದುಗರಿಗೆ ಉಳಿದವು. ಈ ಅನುಭವದಿಂದ ತಿಳಿಯುವುದು ಎರಡು: ವಿವರಣೆಯಿಲ್ಲದ ಬಿಂಬ ಅರ್ಧ ನಷ್ಟವಾದಂತೆ, ಒಂದೇ ಕಡೆ ಇರುವ ಬಿಂಬ ಇಂದಲ್ಲ ನಾಳೆ ಪೂರ್ತಿ ನಷ್ಟವಾಗಬಹುದು.

೫. ಸಮಾನ ಒಪ್ಪಂದದ ಅಂಶಗಳು

ಮೇಲಿನ ಎರಡು ನಿದರ್ಶನಗಳ ಹಿನ್ನೆಲೆಯಲ್ಲಿ ಹೆಗ್ಗೋಡು ಪರಿಸರದ ಸಂಗ್ರಹಗಳು ಒಟ್ಟಾಗಿ ಒಪ್ಪಿಕೊಳ್ಳಬೇಕಾದ ಅಂಶಗಳನ್ನು ಹೀಗೆ ಗುರುತಿಸಬಹುದು.

ಅ) ಒಟ್ಟು ಪಟ್ಟಿ ಮತ್ತು ಸಂಖ್ಯೆ: ಮೊದಲ ಕೆಲಸ ಚಿತ್ರೀಕರಣವಲ್ಲ, ಪಟ್ಟಿ. ಯಾವ ಸಂಗ್ರಹದಲ್ಲಿ ಎಷ್ಟು ಕಟ್ಟು, ಎಷ್ಟು ಪುಸ್ತಕ, ಎಷ್ಟು ಸುರುಳಿ ಎಂಬುದು ಮೊದಲು ತಿಳಿಯಬೇಕು. ಉದಾಹರಣೆಗೆ ೦೧–೦೪೧೨–೦೩೭–೨ ಎಂಬ ಸಂಖ್ಯೆಯಲ್ಲಿ ಮೊದಲ ಭಾಗ ಸಂಗ್ರಹವನ್ನು, ಎರಡನೆಯದು ಕಟ್ಟನ್ನು, ಮೂರನೆಯದು ಗರಿಯನ್ನು, ಕೊನೆಯದು ಗರಿಯ ಮಗ್ಗುಲನ್ನು ಸೂಚಿಸಬಹುದು. ಬಿಂಬದ ಫೈಲಿಗೂ ಇದೇ ಹೆಸರಿರಬೇಕು. ಕಟ್ಟಿನ ಹೊದಿಕೆಬಟ್ಟೆಯ ಚೀಟಿಯ ಮೇಲೂ ಇದೇ ಇರಬೇಕು. ಗರಿಗಳ ಮೇಲೆ ಲಿಪಿಕಾರ ಕೊಟ್ಟ ಮೂಲ ಪತ್ರಸಂಖ್ಯೆಯನ್ನು ಬೇರೆಯಾಗಿ ದಾಖಲಿಸಬೇಕು. ಗರಿಗಳು ಅದಲುಬದಲಾಗಿದ್ದರೆ ಇರುವ ಕ್ರಮದಲ್ಲೇ ಚಿತ್ರಿಸಿ, ಸರಿಯಾದ ಕ್ರಮವನ್ನು ವಿವರಣೆಯಲ್ಲಿ ಸೂಚಿಸುವುದು ಲೇಸು. ಚಿತ್ರಿಸುವವನು ಪಠ್ಯಸಂಪಾದಕನ ಕೆಲಸವನ್ನು ಮೌನವಾಗಿ ಮಾಡಿಬಿಟ್ಟರೆ ಮುಂದಿನ ಸಂಪಾದಕನಿಗೆ ಸಾಕ್ಷ್ಯವೇ ಉಳಿಯುವುದಿಲ್ಲ.

ಆ) ವಸ್ತು ಮತ್ತು ಕೃತಿಗಳ ಭೇದ: ಕನ್ನಡ ಓಲೆಕಟ್ಟುಗಳಲ್ಲಿ ಒಂದೇ ಕಟ್ಟಿನೊಳಗೆ ಹಲವು ಕೃತಿಗಳು ಇರುವುದು ಸಾಮಾನ್ಯ, ಶತಕದ ಜೊತೆಗೆ ವೈದ್ಯ, ವೈದ್ಯದ ಜೊತೆಗೆ ಜಾತಕ ಇರಬಹುದು. ಒಂದೇ ಕೃತಿ ಹಲವು ಕಟ್ಟುಗಳಲ್ಲಿರುವುದೂ ಅಷ್ಟೇ ಸಾಮಾನ್ಯ. ಆದ್ದರಿಂದ ಕಟ್ಟುಗಳ ಪಟ್ಟಿ, ಕೃತಿಗಳ ಪಟ್ಟಿ ಎಂದು ಎರಡು ಪಟ್ಟಿಗಳಿದ್ದು ಅವುಗಳ ನಡುವೆ ಕೊಂಡಿ ಇರಬೇಕು. ಕೆಳದಿನೃಪವಿಜಯದ ಮುದ್ರಿತ ಪಠ್ಯವು ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ೧೯೨೧ರಲ್ಲಿ ಹೊರಬಂದಿತು. ಈ ಬಗೆಯ ಕೃತಿಯ ಹೊಸ ಪ್ರತಿಯೊಂದು ಮನೆಯೊಂದರಲ್ಲಿ ದೊರೆತರೆ, ಅದು ಸಂಪಾದಕನಿಗೆ ಕಾಣುವುದು ಕೃತಿಪಟ್ಟಿಯ ಮೂಲಕವೇ ಹೊರತು ಕಟ್ಟಿನ ಸಂಖ್ಯೆಯ ಮೂಲಕ ಅಲ್ಲ.

ಇ) ವಿವರಣೆ ಮತ್ತು ಲಿಪಿ: ೧೯೯೫ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಡಬ್ಲಿನ್ ಪಟ್ಟಣದ ಸಭೆಯಿಂದ ಬೆಳೆದುಬಂದ ‘ಡಬ್ಲಿನ್ ಕೋರ್’ ಎಂಬ ಹದಿನೈದು ಅಂಶಗಳ ವಿವರಣಾ ಕ್ರಮ ಜಗತ್ತಿನ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಶೀರ್ಷಿಕೆ, ಕರ್ತೃ, ಕಾಲ, ಭಾಷೆ, ಹಕ್ಕು ಮುಂತಾದ ಆ ಅಂಶಗಳಿಗೆ ಹಸ್ತಪ್ರತಿಗೆ ವಿಶಿಷ್ಟವಾದ ಲಿಪಿ, ಗರಿಗಳ ಸಂಖ್ಯೆ, ಅಳತೆ, ಆದಿ–ಅಂತ್ಯ, ಲಿಪಿಕಾರ, ಪ್ರತಿಯಾದ ಸಂವತ್ಸರ ಎಂಬಿವನ್ನು ಸೇರಿಸಿದರೆ ಸಾಕು. ನಾಟಕದ ದಾಖಲೆಗಾದರೆ ಪ್ರದರ್ಶನದ ದಿನಾಂಕ, ಸ್ಥಳ, ನಿರ್ದೇಶಕ, ತಂಡ ಎಂಬ ಅಂಶಗಳು ಬೇಕು. ಇವೆಲ್ಲವೂ ಕನ್ನಡ ಲಿಪಿಯಲ್ಲಿ, ಯೂನಿಕೋಡ್ ಕ್ರಮದಲ್ಲಿ ಇರಬೇಕೆಂಬುದು ಕಡ್ಡಾಯ. ಕನ್ನಡವು ೧೯೯೧ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಅದರಲ್ಲಿದ್ದರೂ, ೨೦೦೦ದ ದಶಕದುದ್ದಕ್ಕೂ ಅನೇಕ ಸೂಚಿಗಳು ಆಯಾ ತಂತ್ರಾಂಶಕ್ಕೆ ಮಾತ್ರ ತಿಳಿಯುವ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥಹೀನ ಚಿಹ್ನೆಗಳ ಸಾಲುಗಳಾಗಿ ಕಾಣುತ್ತವೆ. ಅಂತಹ ಸೂಚಿಗಳನ್ನು ಪರಿವರ್ತಿಸುವುದೇ ಒಂದು ಪ್ರತ್ಯೇಕ ಕೆಲಸ.

ತಿಗಳಾರಿಯ ಸ್ಥಿತಿ ಇನ್ನೂ ಗಮನಾರ್ಹ. ೨೦೨೪ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಯೂನಿಕೋಡಿನ ೧೬ನೆಯ ಆವೃತ್ತಿಯಲ್ಲಿ ತುಳು–ತಿಗಳಾರಿ ಲಿಪಿ ಮೊದಲ ಬಾರಿಗೆ ಸ್ಥಾನ ಪಡೆಯಿತು. ಕೆಳದಿಯ ತಿಗಳಾರಿ ಪ್ರತಿಗಳ ಆದಿ–ಅಂತ್ಯ ವಾಕ್ಯಗಳನ್ನು ಮೂಲಲಿಪಿಯಲ್ಲೇ ಗಣಕದಲ್ಲಿ ದಾಖಲಿಸುವ ಸಾಧ್ಯತೆ ಈಗ ತಾನೇ ತೆರೆದುಕೊಂಡಿದೆ. ಲಿಪಿ ಬಲ್ಲವರು ವಿರಳವಾಗುತ್ತಿರುವ ಸಂದರ್ಭದಲ್ಲಿ, ಯಾವ ಪ್ರತಿಯ ವಿವರಣೆಗೆ ಅವರ ವೇಳೆಯನ್ನು ಮೊದಲು ಬಳಸಬೇಕು ಎಂಬುದನ್ನು ಸಂಸ್ಥೆಗಳು ಕೂಡಿ ನಿರ್ಧರಿಸಬೇಕು.

ಈ) ಬಿಂಬದ ಗುಣಮಟ್ಟ: ತಾಳೆಗರಿಯ ಮೇಲಿನ ಅಕ್ಷರ ಕಂಠದಿಂದ ಕೊರೆದುದು, ಮಸಿ ತೀಡಿದಾಗ ಮಾತ್ರ ಎದ್ದು ಕಾಣುತ್ತದೆ. ಮಸಿ ಮಾಸಿದ್ದರೆ ಓರೆಯಾಗಿ ಬೀಳುವ ಬೆಳಕು ಕೊರೆತವನ್ನು ತೋರಿಸುತ್ತದೆ. ಗರಿ ಕಪ್ಪಾಗಿದ್ದರೆ ಅವಕೆಂಪು ಬೆಳಕು ನೆರವಾಗುತ್ತದೆ. ಉಡುಪಿಯ ಮಠವೊಂದರಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಪ್ರತಿಯನ್ನು ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ೨೦೦೬ರ ಸುಮಾರಿನಲ್ಲಿ ಈ ಬಗೆಯಲ್ಲಿ ಚಿತ್ರಿಸಿ, ಓದಲಾಗದ ಭಾಗಗಳನ್ನು ಓದಲು ಬರುವಂತೆ ಮಾಡಿದರು.

ಕಡತದ ಸಮಸ್ಯೆ ಬೇರೆ. ಇಂದು ಕಚೇರಿಯ ಫೈಲಿಗೆ ಹೆಸರಾಗಿರುವ ಕಡತವು ಮೂಲತಃ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಮಡಿಸಿದ ಕರಿಯ ಪುಸ್ತಕ, ಬರವಣಿಗೆ ಬಳಪದಿಂದ. ಶೃಂಗೇರಿ ಮಠದ ಕಡತಗಳ ಅಧ್ಯಯನದಿಂದ ಎ. ಕೆ. ಶಾಸ್ತ್ರಿಯವರು ಈ ಮಾಧ್ಯಮದ ಐತಿಹಾಸಿಕ ಮೌಲ್ಯವನ್ನು ಎತ್ತಿತೋರಿಸಿದ್ದಾರೆ. ಬಳಪದ ಬರಹ ಉಜ್ಜಿದರೆ ಅಳಿಯುವುದರಿಂದ ಗಾಜಿನಡಿ ಒತ್ತುವ ಸ್ಕ್ಯಾನರ್ ಇಲ್ಲಿ ಸಲ್ಲದು; ಮೇಲಿನಿಂದ ತೆಗೆಯುವ ಕ್ಯಾಮೆರಾವೇ ಬೇಕು. ಮಡಿಕೆಗಳ ಕ್ರಮವನ್ನೂ ದಾಖಲಿಸಬೇಕು. ವಿಡಿಯೊ ಕ್ಯಾಸೆಟ್ಟುಗಳಿಗಾದರೆ ಅವುಗಳನ್ನು ಓದುವ ಯಂತ್ರವೇ ಇಲ್ಲವಾಗುತ್ತಿದೆ. ವಿಎಚ್‌ಎಸ್ ಯಂತ್ರಗಳ ತಯಾರಿಕೆ ೨೦೧೬ರಲ್ಲಿ ನಿಂತಿತು. ನೂರಾರು ವರ್ಷ ಬಾಳಿದ ಓಲೆ ಇನ್ನೂ ಕೆಲವು ವರ್ಷ ಕಾಯಬಲ್ಲದು. ನಾಲ್ಕು ದಶಕದ ಹಿಂದಿನ ನಾಟಕದ ಸುರುಳಿ ಕಾಯಲಾರದು. ಹಳೆಯದು ಮೊದಲು ಎಂಬ ಸಾಮಾನ್ಯ ನಂಬಿಕೆಯನ್ನು ಇಲ್ಲಿ ಬದಿಗಿಡಬೇಕಾಗುತ್ತದೆ.

ಉ) ಸಂಗ್ರಹಣೆ ಮತ್ತು ಪ್ರತಿಗಳು: ೪೫ ಸೆಂ.ಮೀ. ಉದ್ದ, ೪ ಸೆಂ.ಮೀ. ಅಗಲದ ಒಂದು ಗರಿಯ ಒಂದು ಮಗ್ಗುಲನ್ನು ಅಂಗುಲಕ್ಕೆ ೬೦೦ ಚುಕ್ಕಿಗಳ ಸಾಂದ್ರತೆಯಲ್ಲಿ, ಬಣ್ಣದಲ್ಲಿ, ಸಂಕೋಚಿಸದೆ ಚಿತ್ರಿಸಿದರೆ ಸುಮಾರು ೩೦ ಮೆಗಾಬೈಟ್ ಆಗುತ್ತದೆ. ನೂರು ಗರಿಗಳ ಕಟ್ಟಿಗೆ ಎರಡು ಮಗ್ಗುಲು ಸೇರಿ ೨೦೦ ಬಿಂಬ, ೬ ಗಿಗಾಬೈಟ್. ಅಂತಹ ಸಾವಿರ ಕಟ್ಟುಗಳಿಗೆ ೬ ಟೆರಾಬೈಟ್. ಮೂರು ಪ್ರತಿ ಇಟ್ಟರೆ ೧೮ ಟೆರಾಬೈಟ್. ಇದು ಇಂದು ಒಂದು ಸಣ್ಣ ಸಂಸ್ಥೆಗೂ ನಿಲುಕದ ಪ್ರಮಾಣವಲ್ಲ. ಆದರೆ ಡಿಸ್ಕುಗಳು ಕೆಡುತ್ತವೆ. ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ವರ್ಗಾಯಿಸಬೇಕು. ವರ್ಗಾವಣೆಯಲ್ಲಿ ಫೈಲು ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು, ಫೈಲಿನ ದತ್ತಾಂಶದಿಂದ ಗಣಕವು ಲೆಕ್ಕಹಾಕಿ ಕೊಡುವ ಚೆಕ್‌ಸಮ್ ಎಂಬ ಸಂಖ್ಯೆಯನ್ನು ಮೊದಲೇ ಬರೆದಿಟ್ಟು ತಾಳೆನೋಡಬೇಕು. ಮೂರು ಪ್ರತಿಗಳಲ್ಲಿ ಒಂದು ಮೂಲ ಸಂಗ್ರಹದಲ್ಲಿ, ಒಂದು ಸಮೀಪದ ಸಹಸಂಸ್ಥೆಯಲ್ಲಿ, ಒಂದು ಮಲೆನಾಡಿನಿಂದ ದೂರದ ವಿಶ್ವವಿದ್ಯಾಲಯದಲ್ಲಿ ಇರುವುದು ಯುಕ್ತ. ‘ಪ್ರತಿಗಳು ಹೆಚ್ಚಿದಷ್ಟೂ ವಸ್ತು ಸುರಕ್ಷಿತ’ ಎಂಬ ತತ್ತ್ವದ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ೧೯೯೯ರಲ್ಲಿ ಆರಂಭಿಸಿದ ಯೋಜನೆಯ ಆಶಯವೂ ಇದೇ.

೬. ಒಡೆತನ, ಹಕ್ಕು ಮತ್ತು ಪ್ರವೇಶ

ತಾಂತ್ರಿಕ ಒಪ್ಪಂದಕ್ಕಿಂತ ಕಠಿಣವಾದುದು ನಂಬಿಕೆಯ ಪ್ರಶ್ನೆ. ಪಟ್ಟಿಯಲ್ಲಿ ಹೆಸರು ಬಂದರೆ ಕಟ್ಟು ಕೈತಪ್ಪಬಹುದೆಂಬ ಅಳುಕು ಮನೆಗಳಲ್ಲಿ ಸಹಜ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, ೭೫ ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿಯು ಪ್ರಾಚ್ಯವಸ್ತುವೆನಿಸುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಸಮೀಕ್ಷೆಯ ಪಟ್ಟಿಗೆ ಸೇರಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ ಎಂಬುದನ್ನು ಮನೆಯವರಿಗೆ ಕನ್ನಡದಲ್ಲಿ, ಬರಹದಲ್ಲಿ ತಿಳಿಸಬೇಕು. ಬ್ರಿಟಿಷ್ ಲೈಬ್ರರಿಯು ೨೦೦೪ರಿಂದ ನಡೆಸುತ್ತಿರುವ ಅಪಾಯದಂಚಿನ ದಾಖಲೆಗಳ ಯೋಜನೆಯಲ್ಲಿ ಮೂಲಪ್ರತಿ ದೇಶ ಬಿಟ್ಟು ಹೋಗುವುದಿಲ್ಲ. ಬಿಂಬದ ಒಂದು ಪ್ರತಿ ಸ್ಥಳೀಯ ಸಂಸ್ಥೆಯಲ್ಲೇ ಉಳಿಯುತ್ತದೆ. ಕ್ಯಾಮೆರಾ ಕಟ್ಟಿನ ಬಳಿಗೆ ಹೋಗಬೇಕು, ಕಟ್ಟು ಕ್ಯಾಮೆರಾದ ಬಳಿಗೆ ಅಲ್ಲ ಎಂಬ ಈ ನಿಯಮ ಮಲೆನಾಡಿಗೂ ಸೂಕ್ತ.

ಪ್ರಾಚೀನ ಕೃತಿಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ. ಆಧುನಿಕ ಸಂಗ್ರಹಗಳ ಸ್ಥಿತಿ ಹಾಗಲ್ಲ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದಂತೆ, ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು ಲೇಖಕನ ನಿಧನದ ನಂತರ ೬೦ ವರ್ಷ ಇರುತ್ತದೆ. ೧೯೯೪ರಲ್ಲಿ ನಿಧನರಾದ ಕುವೆಂಪು ಅವರ ಅಂತಹ ಕೃತಿಗಳಿಗೆ ಅದು ೨೦೫೪ರ ಅಂತ್ಯದವರೆಗೆ, ಸುಬ್ಬಣ್ಣನವರ ಕೃತಿಗಳಿಗೆ ೨೦೬೫ರ ಅಂತ್ಯದವರೆಗೆ ಸಲ್ಲುತ್ತದೆ. ನಾಟಕದ ಧ್ವನಿ–ದೃಶ್ಯ ಮುದ್ರಣದಲ್ಲಿ ನಾಟಕಕಾರ, ಸಂಗೀತಕಾರರ ಹಕ್ಕಿನೊಂದಿಗೆ ೫೦ ವರ್ಷಗಳ ಪ್ರದರ್ಶಕರ ಹಕ್ಕೂ ಸೇರುತ್ತದೆ. ಆದರೆ ೨೦೧೨ರ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಲು ಅವಕಾಶ ನೀಡಿದೆ. ಆದ್ದರಿಂದ ‘ಸಂರಕ್ಷಿಸುವುದು’ ಮತ್ತು ‘ಪ್ರಕಟಿಸುವುದು’ ಎರಡು ಬೇರೆ ತೀರ್ಮಾನಗಳೆಂದು ಸಂಸ್ಥೆಗಳು ಆರಂಭದಲ್ಲೇ ಒಪ್ಪಿಕೊಳ್ಳಬೇಕು. ಪ್ರಕಟಣೆಯ ಅನುಮತಿ ದೊರೆಯದೆಂಬ ಕಾರಣಕ್ಕೆ ಚಿತ್ರೀಕರಣವನ್ನೇ ಮುಂದೂಡುವುದು ಸುರುಳಿಯನ್ನು ಕೈಯಾರೆ ನಾಶಮಾಡಿದಂತೆ.

ಮಠಗಳ ವಿಷಯದಲ್ಲಿ ಮೂಡುಬಿದಿರೆಯ ಧವಲಾ ಪ್ರತಿಗಳ ಇತಿಹಾಸ ಬೋಧಪ್ರದ. ಅಲ್ಲಿನ ತಾಳೆಪ್ರತಿಗಳ ನಕಲು ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೊಡಗಿ ದಶಕಗಳ ಕಾಲ ನಡೆಯಿತು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮುದ್ರಣ ೧೯೩೯ರಿಂದ ಆರಂಭವಾಯಿತು. ಪೂಜ್ಯವಾದ ವಸ್ತುವನ್ನು ಪಾಠ್ಯವಾಗಿಯೂ ಕಾಣಲು ಕಾಲ ಬೇಕು. ಮೊದಲು ಪಟ್ಟಿಗೆ ಮಾತ್ರ ಅನುಮತಿ, ಅನಂತರ ಚಿತ್ರೀಕರಣ, ಕೊನೆಗೆ ಪ್ರವೇಶ ಎಂಬ ಮೂರು ಮೆಟ್ಟಿಲುಗಳನ್ನು ಇರಿಸಿದರೆ ಸಂಗ್ರಹದ ಒಡೆಯರು ತಮಗೆ ಒಪ್ಪಿಗೆಯಾದ ಮೆಟ್ಟಿಲಲ್ಲಿ ನಿಲ್ಲಬಹುದು. ಪಟ್ಟಿಯಷ್ಟೇ ದೊರೆತರೂ ಸಂಶೋಧನೆಗೆ ಅದು ದೊಡ್ಡ ಲಾಭ.

೭. ಕಾರ್ಯಕ್ರಮ ಮತ್ತು ಹೊಣೆ

ಸಮನ್ವಯಕ್ಕೆ ಹೊಸ ಕಟ್ಟಡವಾಗಲಿ ಹೊಸ ಪ್ರಾಧಿಕಾರವಾಗಲಿ ಬೇಕಿಲ್ಲ. ಪ್ರತಿ ಸಂಗ್ರಹದಿಂದ ಒಬ್ಬರನ್ನೊಳಗೊಂಡ ಸಣ್ಣ ಸಮಿತಿ, ಒಟ್ಟು ಪಟ್ಟಿಯ ಹೊಣೆ ಹೊತ್ತ ಒಬ್ಬ ಸಂಯೋಜಕ, ಸಂಚರಿಸುವ ಒಂದು ಚಿತ್ರೀಕರಣ ತಂಡ ಇದ್ದರೆ ಸಾಕು. ಹೆಗ್ಗೋಡಿನಲ್ಲಿ ನಾಟಕವು ಜನರ ಬಳಿಗೆ ಹೋಗುವ ತಿರುಗಾಟದ ಮಾದರಿ ಬಹುಕಾಲದಿಂದ ಇದೆ. ಊರೂರಿಗೆ ಸಾಮಗ್ರಿ ಸಾಗಿಸಿ, ಆಯಾ ಊರಿನವರ ಆತಿಥ್ಯದಲ್ಲಿ ಕೆಲಸ ಮುಗಿಸುವ ಆ ಸಂಘಟನಾ ಕ್ರಮವನ್ನು ಚಿತ್ರೀಕರಣಕ್ಕೂ ಅನ್ವಯಿಸಬಹುದು. ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಬಳಗವು ಗಾಂಧಿ ಭವನದಂತಹ ಸಂಸ್ಥೆಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಸಾರ್ವಜನಿಕಗೊಳಿಸಿರುವುದು, ಸ್ವಯಂಸೇವೆಯ ನೆಲೆಯಲ್ಲಿಯೂ ಇಂತಹ ಕಾರ್ಯ ಸಾಧ್ಯವೆಂಬುದಕ್ಕೆ ಸಾಕ್ಷಿ.

ಕಾಲವನ್ನು ಹವಾಮಾನ ನಿರ್ಧರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಟ್ಟು ಬಿಚ್ಚಿದರೆ ಬೂಷ್ಟಿನ ಭಯ; ಕಡುಬೇಸಗೆಯಲ್ಲಿ ಒಣಗಿದ ಗರಿ ಮುರಿಯುವ ಭಯ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಚಿತ್ರೀಕರಣಕ್ಕೆ ಪ್ರಶಸ್ತ. ಮಳೆಗಾಲವನ್ನು ಪಟ್ಟಿ ಪರಿಷ್ಕರಣೆ, ಬಿಂಬಗಳ ತಪಾಸಣೆ ಹಾಗೂ ವಿವರಣೆಯ ಬರವಣಿಗೆಗೆ ಮೀಸಲಿಡಬಹುದು. ಸ್ಥಳೀಯ ಕಾಲೇಜುಗಳ ಕನ್ನಡ ಹಾಗೂ ಇತಿಹಾಸ ವಿದ್ಯಾರ್ಥಿಗಳಿಗೆ ಹಳಗನ್ನಡ ಲಿಪಿಸ್ವರೂಪ, ತಿಗಳಾರಿ ಓದು ಹಾಗೂ ಸೂಚೀಕರಣದ ತರಬೇತಿ ನೀಡಿದರೆ, ಯೋಜನೆ ಮುಗಿದ ಬಳಿಕವೂ ಸಂಗ್ರಹಗಳನ್ನು ಬಲ್ಲವರು ಅಲ್ಲಿಯೇ ಉಳಿಯುತ್ತಾರೆ.

ಮುದ್ರಿತ ಕನ್ನಡವನ್ನು ಬಿಂಬದಿಂದ ಪಠ್ಯವಾಗಿ ಮಾರ್ಪಡಿಸುವ ತಂತ್ರಾಂಶಗಳು ಈಗ ಲಭ್ಯವಿವೆ. ಹೆಗ್ಗೋಡಿನ ಪ್ರಕಟಣೆಗಳಂತಹ ಅಚ್ಚಿನ ಸಾಮಗ್ರಿಗೆ ಇವು ಉಪಯುಕ್ತ. ಓಲೆಯ ಬರಹಕ್ಕೆ ಮನುಷ್ಯನ ಕಣ್ಣೇ ಇನ್ನೂ ಪ್ರಮಾಣ. ಹೀಗಾಗಿ ಯಂತ್ರಕ್ಕೆ ಬಿಡಬಹುದಾದ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ವಿದ್ವಾಂಸರ ಸಮಯವನ್ನು ಓಲೆ ಮತ್ತು ಕಡತಗಳಿಗೆ ಉಳಿಸುವುದೂ ಸಮನ್ವಯದ ಒಂದು ಭಾಗ.

೮. ಉಪಸಂಹಾರ

ಒಟ್ಟಿನಲ್ಲಿ, ಹೆಗ್ಗೋಡು ಪರಿಸರದ ಸಂಗ್ರಹಗಳು ಕಾಲ, ಮಾಧ್ಯಮ, ಲಿಪಿ ಹಾಗೂ ಒಡೆತನಗಳಲ್ಲಿ ಭಿನ್ನವಾಗಿದ್ದರೂ ಒಂದು ಪ್ರದೇಶದ ಐದಾರು ಶತಮಾನಗಳ ಬದುಕನ್ನು ಪರಸ್ಪರ ಪೂರಕವಾಗಿ ದಾಖಲಿಸುತ್ತವೆ. ಅವುಗಳನ್ನು ಒಂದೇ ಕಟ್ಟಡಕ್ಕೆ ತರುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಒಂದೇ ಪಟ್ಟಿಗೆ ತರುವುದು ಸಾಧ್ಯ. ೧೯೦೪ರಲ್ಲಿ ಶಾಸನಗಳಿಗೆ ಆದುದು ಇಂದು ಓಲೆ, ಕಡತ, ಸುರುಳಿಗಳಿಗೂ ಆಗಬೇಕಾಗಿದೆ. ಪಟ್ಟಿಯಿಲ್ಲದೆ ನಡೆಯುವ ಚಿತ್ರೀಕರಣದಿಂದ, ಸುಲಭವಾಗಿ ಸಿಗುವ ಕಟ್ಟುಗಳು ಎರಡು ಮೂರು ಬಾರಿ ಬಿಚ್ಚಿಕೊಂಡು ಸವೆಯುತ್ತವೆ. ಅಟ್ಟದ ಮೇಲಿನವು ಒಮ್ಮೆಯೂ ಬೆಳಕು ಕಾಣದೆ ಗೆದ್ದಲಿಗೆ ಆಹಾರವಾಗುತ್ತವೆ. ಮಲೆನಾಡಿನ ಪ್ರತಿ ಮಳೆಗಾಲವೂ ಇಂತಹ ಕೆಲವು ಕಟ್ಟುಗಳನ್ನು ಕಳೆಯುತ್ತದೆ. ದೊಡ್ಡ ಅನುದಾನಕ್ಕೆ ಕಾಯದೆ ಇಂದೇ ಆರಂಭಿಸಬಹುದಾದ ಕೆಲಸವೆಂದರೆ, ಪ್ರತಿಯೊಂದು ಕಟ್ಟಿಗೂ ಒಂದು ಚೀಟಿ, ಒಂದು ಸಂಖ್ಯೆ, ನಾಲ್ಕು ಸಾಲಿನ ವಿವರಣೆ. ಮಿಕ್ಕ ಎಲ್ಲ ತಂತ್ರಜ್ಞಾನವೂ ಈ ಚೀಟಿಯನ್ನು ಆಧರಿಸಿ ನಿಲ್ಲುತ್ತದೆ.